ಮೂರನೆಯ ಜಾಗದ ಅಡುಗೆಮನೆ ಬಾಗಿಲು

ಬೋಲಿಂಗ್‌ಬ್ರೂಕ್
೧೨ ಅಕ್ಟೋಬರ್ ೨೦೨೫, ಭಾನುವಾರ

ಚಿ. ಸೌ. ಮಂಜರಿಗೆ,

ನಿನ್ನ ಅಪ್ಪ ಮನಸಾರೆ ಮಾಡುವ ಆಶೀರ್ವಾದಗಳು. ಅಳಿಯಂದಿರಿಗೂ ತಿಳಿಸು. ನಾನು ಇಲ್ಲಿ ಚೆನ್ನಾಗಿದ್ದೇನೆ. ಎಡ ಮೊಣಕಾಲೊಂದು ಮಾತ್ರ ಮೆಟ್ಟಿಲು ಕಂಡ ಕೂಡಲೇ ಮುಷ್ಕರ ಹೂಡುತ್ತದೆ. ಸುರೇಶ ವೇರ್‌ಹೌಸಿನಿಂದ ಬಂದವನೇ ಬಿಸಿನೀರಿನ ಚೀಲ ಕೊಡುತ್ತಾನೆ, ಲತಾಶ್ರೀ ಕೇಳದೆಯೇ ಎರಡನೇ ಸಲ ಕಾಫಿ ಕೊಡುತ್ತಾಳೆ. ನಿಮ್ಮ ಕ್ಯಾಂಟನ್ನಿನಲ್ಲಿ ಎಲೆಗಳು ಕೆಂಪಾದವೋ? ಇಲ್ಲಿ ಹಿತ್ತಲಿನ ಮೇಪಲ್ ಅರ್ಧ ಮಾತ್ರ ಕೆಂಪಾಗಿ, ಇನ್ನರ್ಧ ಯೋಚನೆ ಮಾಡುತ್ತ ನಿಂತಿದೆ.

ತಡವಾಯಿತು, ಕ್ಷಮಿಸು. ನೀನು ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನಾನು ಮೊಣಕಾಲಿನ ವಿಷಯ ಹೇಳಿ, ಫೋನನ್ನು ಲತಾಶ್ರೀಯ ಕೈಗೆ ದಾಟಿಸಿದೆ. ನಿನಗೆ ಉತ್ತರ ಕೊಡಲು ಮುಖವಿರಲಿಲ್ಲ ಎಂಬುದು ನಿಜವಾದ ಕಾರಣ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ಆ ಅನುಕೂಲ ನಿನಗಿಲ್ಲ. ಅದಕ್ಕೇ ಕಾಗದ.

ಕಳೆದ ತಿಂಗಳು ನಿಮ್ಮ ಮನೆಯಿಂದ ಹೊರಡುವಾಗ, ಕಾರಿನ ಬಾಗಿಲು ಹಿಡಿದುಕೊಂಡು ನೀನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. “ಅಪ್ಪ, ಜಾನ್ವಿ ನನ್ನ ಮಾತು ಕೇಳಲ್ಲ, ನಿಮ್ಮ ಮಾತು ಕೇಳ್ತಾಳೆ. ಹೇಗಾದ್ರೂ ಮಾಡಿ ಆ ಇಟಲಿ ಹುಚ್ಚು ಬಿಡಿಸಿ. ಕೆರೆ ದಂಡೆ ಮೇಲೇ ಮದುವೆ ಆಗ್ಬೇಕಂದ್ರೆ ಮಿಷಿಗನ್‌ನಲ್ಲಿ ಕೆರೆಗೇನು ಬರಾನಾ? ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ನೋಡಿರೋ ಹಾಲ್ ಮುಂದೇನೇ ನೀರಿದೆ, ಬಾತುಕೋಳಿ ಇದೆ, ಪಾರ್ಕಿಂಗ್ ಇದೆ. ನಾವು ಮದುವೆ ಮಾಡ್ತಿದೀವೋ, ಸಿನಿಮಾ ತೆಗೀತಿದೀವೋ?” ಅಂದೆ. ಆಮೇಲೆ, “ನನ್ನ ಮದುವೆ ಕ್ಯಾಸೆಟ್ಟನ್ನೇ ಅಮ್ಮ ಆ ನೀಲಗಂಗಾ ಆಂಟಿಗೆ ಕೊಟ್ಟು ಕಳೆದಳು. ಅದಿಲ್ದೆ ನಾನೇನು ಸತ್ತುಹೋದ್ನಾ?” ಎಂದೂ ಅಂದೆ.

ನಾನು ರಾಯಭಾರಿಯಂತೆ ತಲೆಯಾಡಿಸಿ ಕಾರು ಹತ್ತಿದೆ. ಮಗಳೇ, ನಿನ್ನ ರಾಯಭಾರಿ ಈಗ ಶತ್ರುಪಕ್ಷ ಸೇರಿದ್ದಾನೆ. ಸೇರಿದ್ದಷ್ಟೇ ಅಲ್ಲ, ಅವರ ಕಡೆಯಿಂದ ನಕ್ಷೆಯನ್ನೂ ಬರೆದುಕೊಟ್ಟಿದ್ದಾನೆ.

ಟು ಕಟ್ ಎ ಲಾಂಗ್ ಸ್ಟೋರಿ ಶಾರ್ಟ್ ಎಂದು ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಶುರುಮಾಡಿದರೆ ಮುಕ್ಕಾಲು ಗಂಟೆ ನಿಲ್ಲಿಸುತ್ತಿರಲಿಲ್ಲ. ನನಗೆ ಅವರಿಂದ ಬಂದ ವಿದ್ಯೆ ಅದೊಂದೇ. ಆದ್ದರಿಂದ ಕುಳಿತುಕೊಂಡು ಓದು.

ಜಾನ್ವಿ ಪ್ರತಿ ಶನಿವಾರ ಷಿಕಾಗೋದಿಂದ ಇಲ್ಲಿಗೆ ಬರುತ್ತಾಳೆ. ಅಮ್ಮನ ಹತ್ತಿರ ಮಾತು ಬಿಟ್ಟಿರುವುದರಿಂದ ಸುರೇಶಮಾವನ ಮನೆಯೇ ಈಗ ಅವಳಿಗೆ ತವರು. ಮೊದಲ ಶನಿವಾರ ನಾನು ನೀನು ಕಲಿಸಿಕೊಟ್ಟಂತೆಯೇ ಬಾತುಕೋಳಿಯಿಂದ ಶುರುಮಾಡಿದೆ. ಅವಳು ನಕ್ಕು, “ತಾತ, ಮಮ್ಮಿ ಸೆಂಟ್ ಯು, ರೈಟ್?” ಅಂದಳು. ನಾನು ಸುಳ್ಳು ಹೇಳಲಿಲ್ಲ. ಆಮೇಲೆ ಅವಳು ಕೇಳಿದ್ದು ಇದು: “ತಾತ, ಅಜ್ಜಿ ಹೇಗೆ ಮಾತಾಡ್ತಿದ್ರು? ಐ ರಿಮೆಂಬರ್ ಹರ್ ಹ್ಯಾಂಡ್ಸ್. ಮೊಸರನ್ನ ಕಲಸೋದು ನೆನಪಿದೆ. ವಾಯ್ಸ್ ನೆನಪಿಲ್ಲ. ಒಂದೇ ಒಂದು ವಿಡಿಯೊ ಇಲ್ಲ. ನನ್ನ ಮದುವೇಲಿ ಎಲ್ಲರ ವಾಯ್ಸ್ ಬೇಕು ನನಗೆ. ನಿಮ್ಮದೂ. ಮಮ್ಮಿದೂ, ಬೈದರೂ ಪರವಾಗಿಲ್ಲ.”

ಅವಳಿಗೆ ಎಂಟು ವರ್ಷವಾಗಿದ್ದಾಗ ಸರಳಾ ಹೋದಳು. “ನಿಮ್ಮಜ್ಜಿ ಜೋರಾಗಿ ಮಾತಾಡುತ್ತಿದ್ದಳು” ಎಂದೆ. ಅದು ಉತ್ತರವೇ ಅಲ್ಲ.

ಎರಡನೇ ಶನಿವಾರ ದೀಪು ಬಂದ. ಇವನೇ ಮದುವೆಯ ಫಿಲ್ಮ್ ತೆಗೆಯುವವನು. ಬೆಂಗಳೂರಿನ ಹುಡುಗ, ನೇಪರ್‌ವಿಲ್‌ನಲ್ಲಿದ್ದಾನೆ, ತಲೆಗೂದಲು ಜುಟ್ಟು ಕಟ್ಟುವಷ್ಟು ಬೆಳೆದಿದೆ. ನಿನಗೆ ಇಷ್ಟವಾಗುವುದಿಲ್ಲ, ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಚಪ್ಪಲಿ ಹೊರಗೆ ಬಿಟ್ಟು ಬಂದ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಇಟಲಿಯ ಕೋಮೋ ಸರೋವರದ ಮೂರು ಜಾಗ ತೋರಿಸಿದ. “ಅಂಕಲ್, ಫಿಲ್ಮ್ ಚೆನ್ನಾಗಿರುತ್ತೋ ಇಲ್ವೋ ಅನ್ನೋದು ಲೊಕೇಶನ್ ಆರಿಸಿದ ದಿನಾನೇ ಡಿಸೈಡ್ ಆಗೋಗುತ್ತೆ. ಆಮೇಲೆ ಕ್ಯಾಮೆರಾ ಎಷ್ಟು ದೊಡ್ಡದಿದ್ರೂ ಅಷ್ಟೇ,” ಅಂದ. ಸರ್ವೇ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಎಳೆಸಿದ ನನಗೆ ಆ ಮಾತು ಹಿಡಿಸಿತು. ಕಲ್ಲು ನೆಡುವ ಜಾಗ ತಪ್ಪಿದರೆ ಆಮೇಲೆ ಅಳೆದದ್ದೆಲ್ಲ ತಪ್ಪು.

ಮೊದಲನೆಯದು ಹಳದಿ ಬಣ್ಣದ ಬಂಗಲೆ. ಕಂಬಗಳು, ಕಾರಂಜಿ, ಮೂಗು ಮುರಿದ ಬೊಂಬೆಗಳು. ಆದರೆ ಅಲ್ಲಿ ಬೆಂಕಿ ಹೊತ್ತಿಸುವಂತಿಲ್ಲವಂತೆ. ಹೋಮಕುಂಡವಿಲ್ಲದೆ ಮದುವೆ ಹೇಗೆ? “ಕಾಗದ ನಾನು ಬರೆಯುತ್ತೇನೆ” ಎಂದೆ. ಜಾನ್ವಿ ಟೈಪ್ ಮಾಡಿದಳು, ನಾನು ಹೇಳಿದೆ: ರೆಸ್ಪೆಕ್ಟೆಡ್ ಸರ್, ವಿ ಮೋಸ್ಟ್ ಹಂಬ್ಲಿ ಬೆಗ್ ಟು ಸಬ್ಮಿಟ್ ದಟ್ ಫೈರ್ ಈಸ್ ಅವರ್ ಪ್ರಿನ್ಸಿಪಲ್ ವಿಟ್ನೆಸ್. “ತಾತ, ನೋಬಡಿ ಬೆಗ್ಸ್ ಎನಿಮೋರ್” ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆದರೂ ಹಾಗೆಯೇ ಕಳಿಸಿದಳು. ಎರಡೇ ದಿನಕ್ಕೆ ಬಹಳ ವಿನಯದ ಉತ್ತರ ಬಂತು. ನಿಮ್ಮ ಸಾಕ್ಷಿಯನ್ನು ನಾವು ಗೌರವಿಸುತ್ತೇವೆ, ಆದರೆ ಬ್ಯಾಟರಿಯಿಂದ ಉರಿಯುವಂಥ ಸಾಕ್ಷಿ ಇದ್ದರೆ ದಯವಿಟ್ಟು ತನ್ನಿ, ಎಂದು. ಸುರೇಶ ಅದನ್ನು ಓದಿ ಓದಿ ನಗುತ್ತಾನೆ. ಮೊದಲನೆಯದು ಅಲ್ಲಿಗೆ ಮುಗಿಯಿತು.

ಎರಡನೆಯದು ಜಾನ್ವಿಗೆ ಪ್ರಾಣ. ಸರೋವರದ ಪೂರ್ವ ದಡ, ನೀರಿಗೆ ಇಳಿಯುವ ಅಗಲವಾದ ಕಲ್ಲಿನ ಮೆಟ್ಟಿಲು, ಹಿಂದೆ ನೇರವಾಗಿ ಎದ್ದು ನಿಂತ ಬೆಟ್ಟ. ಅವಳ ಹುಡುಗ ನಿಹಾಲ್ ಕೂಡ ಇದಕ್ಕೇ ಒಪ್ಪಿದ್ದ. ಫೋಟೋಗಳಲ್ಲಿ ಎಲ್ಲೆಲ್ಲೂ ಚಿನ್ನದಂಥ ಬಿಸಿಲು. ನಾನು ಕೇಳಿದೆ: “ಈ ಬಿಸಿಲು ಎಷ್ಟು ಗಂಟೆಯದು?” ದೀಪು ತಲೆ ತುರಿಸಿಕೊಂಡ. “ಸಂಜೆ ಇರ್ಬೇಕು ಅಂಕಲ್. ಅಲ್ಲಿ ಎಲ್ಲರೂ ಸಂಜೇನೇ ಮದುವೆ ಆಗೋದು.”

ನಮ್ಮ ಮುಹೂರ್ತ ಬೆಳಿಗ್ಗೆ ಒಂಬತ್ತು ಹತ್ತಕ್ಕೆ! ಭಾದ್ರಪದ ಬೇಡವೆಂದು ನೀನು ಹಟ ಹಿಡಿದದ್ದಕ್ಕೆ ಬರುವ ವರ್ಷದ ಶ್ರಾವಣದ ಕೊನೆಯ ಒಳ್ಳೆಯ ದಿನ ಹುಡುಕಿಸಿ, ಕ್ಯಾಂಟನ್ ಪುರೋಹಿತರು ಇಟಲಿಯ ಅಕ್ಷಾಂಶ ರೇಖಾಂಶ ಹಾಕಿ ಲೆಕ್ಕ ಮಾಡಿಕೊಟ್ಟ ಮುಹೂರ್ತ ಅದು. ಫಿಲ್ಮಿಗೋಸ್ಕರ ಅದನ್ನು ಸಂಜೆಗೆ ದಬ್ಬಲು ಬರುವುದಿಲ್ಲ. ಅಂತರಪಟ ಸರಿಯುವಾಗ ಗಂಡು ಪೂರ್ವಕ್ಕೆ ಮುಖ ಮಾಡಿರಬೇಕು, ಹೆಣ್ಣು ಪಶ್ಚಿಮಕ್ಕೆ. ಇಷ್ಟೆಲ್ಲ ಗಟ್ಟಿಯಾಗಿ ನಿಂತಿರುವಾಗ, ಬದಲಾಯಿಸಲು ಉಳಿಯುವುದು ನೆಲ ಒಂದೇ.

ನಾನು ಕೋಣೆಗೆ ಹೋಗಿ ನನ್ನ ಹಳೆಯ ಇನ್‌ಸ್ಟ್ರುಮೆಂಟ್ ಪೆಟ್ಟಿಗೆ ತಂದೆ. ಅದೇ, ನೀನು ಚಿಕ್ಕವಳಿದ್ದಾಗ ಮುಟ್ಟಿದರೆ ಬೈಸಿಕೊಳ್ಳುತ್ತಿದ್ದ ಮರದ ಪೆಟ್ಟಿಗೆ. ಆ ಬೆಟ್ಟದ ಎತ್ತರದ ಗೆರೆಗಳಿರುವ ನಕ್ಷೆಯನ್ನು ಸುರೇಶ ಆಫೀಸಿನಿಂದ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಟ್ಟ. ಕೋನಮಾಪಕ, ಅಡಿಕೋಲು, ಪೆನ್ಸಿಲ್. ಎರಡು ದಿನ ಹಿಡಿಯಿತು. ಲತಾಶ್ರೀ ಮೇಜು ಬಿಟ್ಟುಕೊಟ್ಟು ಎಲ್ಲರಿಗೂ ಸೋಫಾದ ಮೇಲೆ ಬಡಿಸಿದಳು. ಕೊನೆಗೆ ತೀರ್ಪು ಕೊಟ್ಟೆ: ಆ ದಿನ ಸೂರ್ಯ ಬೆಟ್ಟ ಹತ್ತಿ ಆ ಮೆಟ್ಟಿಲುಗಳಿಗೆ ಇಣುಕುವುದು ಹತ್ತು ಗಂಟೆಗೆ ನಾಲ್ಕು ನಿಮಿಷವಿದೆ ಎನ್ನುವಾಗ. ಧಾರೆಯೆಲ್ಲ ನೆರಳಿನಲ್ಲಿ. ಎದುರು ದಡದಲ್ಲಿ ಬಿಸಿಲೋ ಬಿಸಿಲು, ನಮ್ಮ ಹುಡುಗಿ ಮಾತ್ರ ಬೂದಿ ಬಣ್ಣದಲ್ಲಿ.

ದೀಪು ತನ್ನ ಫೋನಿನಲ್ಲಿ ಏನೋ ಒತ್ತಿ ನೋಡಿ, ಫೋನನ್ನು ನನ್ನ ಕಡೆ ತಿರುಗಿಸಿದ. “ಅಂಕಲ್, ಆ್ಯಪ್ ಹತ್ತು ಗಂಟೆ ಎರಡು ನಿಮಿಷ ಅಂತಿದೆ. ನೀವು ಆರು ನಿಮಿಷ ಆಫ್.” “ಆ್ಯಪ್ ಮರಗಳನ್ನೂ ಎಣಿಸಿರಬೇಕು” ಎಂದೆ. ಅಲ್ಲಿಂದ ಮುಂದೆ ಅವನು ನನ್ನನ್ನು ಅಂಕಲ್ ಅನ್ನುವುದು ಬಿಟ್ಟು ತಾತ ಎನ್ನತೊಡಗಿದ. ಆದರೆ ಜಾನ್ವಿಯ ಮುಖ ನೋಡಲಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, “ಫೈನ್. ಮಮ್ಮಿ ವಿನ್ಸ್” ಅಂದಳು.

ಮಂಜರಿ, ನನ್ನ ಕೆಲಸ ಆಗ ಮುಗಿದಿತ್ತು. ಸುಮ್ಮನಿದ್ದಿದ್ದರೆ ನೀನು ಗೆದ್ದಿರುತ್ತಿದ್ದೆ. ನಾನು ಸುಮ್ಮನಿರಲಿಲ್ಲ. “ಮೂರನೆಯದು ತೋರಿಸಪ್ಪ” ಎಂದೆ.

ಮೂರನೆಯದನ್ನು ಅವರೇ ಸರಿಯಾಗಿ ನೋಡಿರಲಿಲ್ಲ. ಪಶ್ಚಿಮ ದಡದಲ್ಲಿ ಒಂದು ಹಳೆಯ ಕಲ್ಲುಮನೆ, ಹಿಂದೆ ದೋಣಿ ರಿಪೇರಿ ಮಾಡುತ್ತಿದ್ದ ಜಾಗವಂತೆ. ಬೊಂಬೆಗಳಿಲ್ಲ. ಅಂಗಳದಲ್ಲಿ ಒಂದು ಅಂಜೂರದ ಮರ, ಅಂಗಳ ಮುಗಿದರೆ ನೀರು, ನೀರಿನಾಚೆ ಪೂರ್ವ. ಮನೆಯ ಯಜಮಾನಿ ವಿಡಿಯೊ ಕಾಲಿನಲ್ಲಿ ಫೋನ್ ಹಿಡಿದುಕೊಂಡು ಇಡೀ ಮನೆ ಸುತ್ತಿ ತೋರಿಸಿದಳು. ನನ್ನಷ್ಟೇ ವಯಸ್ಸು, ನನ್ನಷ್ಟೇ ಇಂಗ್ಲಿಷ್, ಆದ್ದರಿಂದ ನಮ್ಮಿಬ್ಬರಿಗೇ ಚೆನ್ನಾಗಿ ಅರ್ಥವಾಗುತ್ತಿತ್ತು. “ಫೈರ್ ಪರ್ಮಿಟೆಡ್, ಮೇಡಂ?” ಎಂದೆ. “ಫೈರ್, ಸಿ, ಸಿ, ಎವ್ರಿ ಸಂಡೇ ಫೈರ್!” ಎಂದು ಕರಿಹಿಡಿದ ಒಲೆ ತೋರಿಸಿದಳು. ಸಿ ಎಂದರೆ ಅವರ ಭಾಷೆಯಲ್ಲಿ ಹೌದು ಅಂತ.

ನಾನು ನಕ್ಷೆಯ ಮೇಲೆ ಅಡಿಕೋಲಿಟ್ಟೆ. ಒಂಬತ್ತು ಹತ್ತಕ್ಕೆ ನೀರಿನ ಮೇಲಿನಿಂದ ಬಿಸಿಲು ನೇರವಾಗಿ ಅಂಗಳಕ್ಕೆ ಬರುತ್ತದೆ. ಪೂರ್ವಕ್ಕೆ ನಿಂತ ಹುಡುಗನ ಮುಖಕ್ಕೆ ಬೆಳಕು, ಪಶ್ಚಿಮಕ್ಕೆ ನಿಂತ ಜಾನ್ವಿಯ ಬೆನ್ನ ಹಿಂದೆ ಸರೋವರ, ಅವಳ ತಲೆಗೂದಲಿನ ಅಂಚಿಗೆಲ್ಲ ಬಿಸಿಲು. ದೀಪು ಕುರ್ಚಿಯಿಂದ ಎದ್ದೇ ಬಿಟ್ಟ. “ತಾತ, ಇದನ್ನ ನಾನು ಲೈಟ್ ಹಾಕಿ ಮಾಡೋಕ್ಕಾಗಲ್ಲ. ಶಾಸ್ತ್ರ ಬರೆದೋರು ಕ್ಯಾಮೆರಾಮನ್ನೇ ಇರ್ಬೇಕು,” ಅಂದ.

ನಾನು ಅಷ್ಟಕ್ಕೇ ಬಿಡಲಿಲ್ಲ. “ಮಂಟಪ ಈ ಮರದ ಕೆಳಗೆ ಹಾಕಿದರೆ, ಅಡುಗೆಮನೆ ಬಾಗಿಲು ನಿನ್ನ ಕ್ಯಾಮೆರಾದಲ್ಲಿ ಬೀಳುತ್ತದೆಯೋ?” ಎಂದು ಕೇಳಿದೆ.

“ಅಡುಗೆಮನೆನಾ? ಬೇಡ ತಾತ, ಅದನ್ನ ಹೂವಿನಲ್ಲಿ ಮುಚ್ಚಿಬಿಡೋಣ.”

“ಮುಚ್ಚಿದರೆ ನಾನು ಬರುವುದಿಲ್ಲ.”

ನನ್ನ ದನಿ ಸ್ವಲ್ಪ ಏರಿತೆಂದು ಕಾಣುತ್ತದೆ. ಜಾನ್ವಿ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ನನ್ನನ್ನೇ ನೋಡಿದಳು. ಮದುವೆಯಲ್ಲಿ ಹುಡುಗ ಹುಡುಗಿ ಎಲ್ಲಿಗೂ ಓಡಿಹೋಗುವುದಿಲ್ಲ, ಅವರು ಹೇಗಿದ್ದರೂ ಸಿಗುತ್ತಾರೆ. ಆ ಬಾಗಿಲಿನಿಂದ ಹೋಗಿ ಬರುವವರು ಸಿಗುವುದಿಲ್ಲ, ಎಂದು ದೀಪುವಿಗೆ ಹೇಳಿದೆ. ಅವನು ಒಂದು ಪಟ್ಟಿ ಮಾಡಿಕೊಂಡಿದ್ದ, ಏನೇನು ತೆಗೆಯಬೇಕು ಅಂತ. ಅದರಲ್ಲಿ ದೋಣಿ ಇತ್ತು, ಡ್ರೋನ್ ಇತ್ತು, ಮೆಹಂದಿ ಕೈ ಇತ್ತು. ಎಲ್ಲಕ್ಕಿಂತ ಮೇಲೆ ‘ಹುಡುಗಿಯ ತಾಯಿ’ ಎಂದು ಬರೆಸಿದೆ. ಕೆಳಗೆ ನನ್ನ ರುಜು ಹಾಕಿ ತಾರೀಖು ಬರೆದೆ, ಸರ್ಕಾರಿ ಅಭ್ಯಾಸ.

ಇಷ್ಟು ಸುದ್ದಿ. ನಿನ್ನ ಮಗಳು ಸೊಕ್ಕಿನಿಂದ ಇಟಲಿ ಕೇಳುತ್ತಿಲ್ಲ ಕಣಮ್ಮ. ನಲವತ್ತೇ ಜನ, ಒಂದು ಅಂಗಳ, ಎಲ್ಲರ ಮಾತು ಕೇಳಿಸುವಷ್ಟು ಸಣ್ಣ ಜಾಗ ಎಂದು ಕೇಳುತ್ತಿದ್ದಾಳೆ. ನಿನ್ನ ಹಾಲಿನಲ್ಲಿ ಐನೂರು ಜನ, ಡಿ.ಜೆ. ಬೇರೆ. ಅಲ್ಲಿ ಯಾರ ಮಾತು ಯಾರಿಗೆ ಕೇಳಿಸೀತು? ಬಾತುಕೋಳಿಯದೂ ಕೇಳಿಸದು. ಅವಳು ಮೂರನೆಯ ಜಾಗಕ್ಕೆ ಇನ್ನೂ ಹೂಂ ಎಂದು ಹೇಳಿ ಕಳಿಸಿಲ್ಲ. “ಮಮ್ಮಿ ಯೆಸ್ ಅಂದ್ರೆ ಮಾತ್ರ” ಎನ್ನುತ್ತಾಳೆ. ಆ ಮುದುಕಿ ಈ ತಿಂಗಳ ಕೊನೆಯವರೆಗೆ ಜಾಗ ಹಿಡಿದಿಡುತ್ತೇನೆ ಎಂದಿದ್ದಾಳೆ. ನೀನೇ ಜಾನ್ವಿಗೆ ಫೋನ್ ಮಾಡು. ಇಟಲಿ ವಿಷಯ ಮೊದಲೇ ಎತ್ತಬೇಡ. ಊಟ ಆಯ್ತಾ ಎಂದು ಕೇಳು. ಅಷ್ಟಕ್ಕೇ ಅಳುತ್ತಾಳೆ, ನೋಡುತ್ತಿರು.

ಸಕ್ಕರೆ ಮಾತ್ರೆ ತಪ್ಪಿಸಬೇಡ. ಅಳಿಯಂದಿರು ಮೊದಲ ಹಿಮಕ್ಕೇ ತಾವೇ ಸಲಿಕೆ ಹಿಡಿಯದಿರಲಿ, ಅವರ ಬೆನ್ನು ನನ್ನ ಮೊಣಕಾಲಿಗೆ ಅಣ್ಣ. ನೀನು ನೂರು ವರ್ಷ, ತುಂಬಿದ ಮನೆಯಲ್ಲಿ ಬಾಳು, ನಿನ್ನ ಕೈಯಿಂದಲೇ ಜಾನ್ವಿಗೆ ಧಾರೆಯಾಗಲಿ.

ಇಂತು ನಿನ್ನ ಅಪ್ಪ,
ರಘೋತ್ತಮ

ಮರೆತ ಮಾತು: ಮರೆತದ್ದೇನಲ್ಲ. ಇದನ್ನು ಬರೆಯುವುದಕ್ಕೇ ಕುಳಿತಿದ್ದೆ. ಮೇಲಿನದನ್ನೆಲ್ಲ ಧೈರ್ಯಕ್ಕೆ ಬರೆದೆ.

ನಿನ್ನ ಮದುವೆಯ ಕ್ಯಾಸೆಟ್ಟನ್ನು ನಿನ್ನಮ್ಮ ನೀಲಗಂಗಾಗೆ ಕೊಡಲಿಲ್ಲ. ಅದನ್ನು ಹಾಳು ಮಾಡಿದವನು ನಾನು.

ನಾವು ಮದುವೆ ಕ್ಯಾಸೆಟ್ ನೋಡಲಿ ಅಂತ ಅಳಿಯಂದಿರು ಅಮೆರಿಕದಿಂದ ವಿ.ಸಿ.ಆರ್. ತಂದುಕೊಟ್ಟಿದ್ದರಲ್ಲ, ಮಾರನೆಯ ವರ್ಷ ಒಂದು ಮ್ಯಾಚು ಬಂತು. ನನಗೆ ಅಂದು ಹುಣಸೂರಿನ ಹತ್ತಿರ ಅಳತೆಯ ಕೆಲಸ. ರೆಕಾರ್ಡಿಗೆ ಹಾಕಿ ಹೋಗೋಣವೆಂದು, ಹೆಸರಿನ ಚೀಟಿ ಕಿತ್ತುಹೋಗಿದ್ದ ಎರಡು ಕ್ಯಾಸೆಟ್ಟಿನಲ್ಲಿ ಒಂದನ್ನು ತೆಗೆದುಕೊಂಡೆ. ಅದರ ಅಂಚಿನ ಪ್ಲಾಸ್ಟಿಕ್ ಚಕ್ಕೆ ಮುರಿದಿತ್ತು. ಮೇಲೆ ಬೇರೆ ರೆಕಾರ್ಡ್ ಮಾಡಬಾರದೆಂದು ವಿಡಿಯೊದವರು ಬೇಕೆಂದೇ ಮುರಿದು ಕೊಡುತ್ತಾರೆ. ಆ ತೂತಿಗೆ ಗಮ್ ಟೇಪ್ ಅಂಟಿಸಿದರೆ ಆಯಿತು ಎಂದು ಆಫೀಸಿನ ಟೈಪಿಸ್ಟ್ ಹೇಳಿಕೊಟ್ಟಿದ್ದ. ಅಂಟಿಸಿದೆ. ಬೇಡ ಎಂದು ಹೇಳುವುದಕ್ಕೇ ಇದ್ದ ತೂತನ್ನು ನನ್ನ ಕೈಯಾರೆ ಮುಚ್ಚಿದೆ. ಸಾಯಂಕಾಲ ಬಂದು ಹಾಕಿದರೆ, ನೀನು ಹಸೆಮಣೆ ಏರುವ ಕಡೆ ಯಾರೋ ಬೌಲಿಂಗ್ ಮಾಡುತ್ತಿದ್ದಾರೆ. ಎರಡು ನಿಮಿಷ ನೋಡಿ ಹೊರಗೆ ತೆಗೆದೆ. ಆಮೇಲೆ ಇಪ್ಪತ್ತೊಂಬತ್ತು ವರ್ಷ ಅದನ್ನು ಯಾವುದಕ್ಕೂ ಹಾಕಲಿಲ್ಲ.

ಸರಳಾ ಬೈಯಲಿಲ್ಲ. “ಅಳಿಯಂದಿರು ಕೊಟ್ಟ ಮಿಷನ್ನಿನಲ್ಲೇ ಹೀಗಾಯ್ತು ಅಂದ್ರೆ ನಿಮ್ಮನ್ನ ಏನಂದ್ಕೊಂಡಾರು? ನೀವು ಸುಮ್ಮನಿರಿ, ನಾನು ಹೇಳ್ತೀನಿ,” ಅಂದಳು. ಪಕ್ಕದ ಮನೆಯ ನೀಲಗಂಗಾ ಆಗತಾನೇ ಹುಬ್ಬಳ್ಳಿಗೆ ವರ್ಗವಾಗಿ ಹೋಗಿದ್ದಳು. ಹೆಸರು ಸುಲಭವಾಗಿ ಸಿಕ್ಕಿತು. ನೀನು ಜಾನ್ವಿಯನ್ನು ಮೊದಲ ಸಲ ಮೈಸೂರಿಗೆ ಕರೆತಂದಾಗ ಕ್ಯಾಸೆಟ್ ಕೇಳಿದೆ. ಮಗು ಕಂಕುಳಲ್ಲಿತ್ತು. “ಅಮ್ಮ, ನನ್ನ ಮದುವೆಗಿಂತ ಪಕ್ಕದ ಮನೆಯವರೇ ಹೆಚ್ಚಾದರಾ ನಿನಗೆ?” ಅಂದೆ. “ಹೌದು ಕಣೆ, ತಪ್ಪಾಯ್ತು” ಎಂದಳು. ನಾನು ಅಲ್ಲೇ ಇದ್ದೆ. ಪೇಪರಿನ ಹಾಳೆ ತಿರುವಿದೆ. ನೀನು ಆ ಮಾತನ್ನು ಆಮೇಲೂ ಎಷ್ಟೋ ಸಲ ಅಂದೆ, ಅವಳು ಎಷ್ಟೋ ಸಲ ತಪ್ಪಾಯ್ತು ಎಂದಳು, ನಾನು ಎಷ್ಟೋ ಹಾಳೆ ತಿರುವಿದೆ. ಅವಳು ಹೋದ ಮೇಲೆ ಹೇಳಬಹುದಿತ್ತು. ಹದಿನೆಂಟು ವರ್ಷ ಅದಕ್ಕೂ ಆಗಲಿಲ್ಲ.

ಕ್ಯಾಸೆಟ್ ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗಿತ್ತು. ಇನ್‌ಸ್ಟ್ರುಮೆಂಟ್ ಪೆಟ್ಟಿಗೆಯಲ್ಲಿಟ್ಟು ಇಲ್ಲಿಗೆ ತಂದಿದ್ದೆ. ಅಂದು ಕೋನಮಾಪಕ ತೆಗೆಯುವಾಗ ದೀಪು ಅದನ್ನು ಕಂಡ. ಕೇಳಿದ, ಕೊಟ್ಟೆ, ಕ್ರಿಕೆಟ್ ಬಿಟ್ಟು ಅದರಲ್ಲೇನೂ ಇಲ್ಲ ಎಂದೆ. ಅವನು ಕೊನೆಯವರೆಗೂ ಓಡಿಸಿದ್ದಾನೆ. ಅಂದು ಮ್ಯಾಚು ಮುಗಿಯುವ ಮೊದಲೇ ಮೈಸೂರಿನಲ್ಲಿ ಕರೆಂಟು ಹೋಗಿತ್ತಂತೆ ಮಂಜರಿ! ನನಗೆ ಗೊತ್ತೇ ಇರಲಿಲ್ಲ. ಬೌಲರ್ ಓಡಿ ಬರುತ್ತಿರುವಾಗ ಚಿತ್ರ ನಿಂತು, ಚುಕ್ಕಿ ಚುಕ್ಕಿಯಾಗಿ, ಆಮೇಲೆ ನಿನ್ನ ಮದುವೆ ಬರುತ್ತದೆ. ಹನ್ನೊಂದು ನಿಮಿಷ. ಧಾರೆ ಇಲ್ಲ, ಅದನ್ನು ನಾನು ತಿಂದುಬಿಟ್ಟಿದ್ದೇನೆ. ಊಟದ ಪಂಕ್ತಿ, ನೀನು ಅಳಿಯಂದಿರ ಎಲೆ ನೋಡಿ ನಗುವುದು. ಕೊನೆಯಲ್ಲಿ ವಿಡಿಯೊದವನು ದಾರಿ ತಪ್ಪಿ ಛತ್ರದ ಅಡುಗೆಮನೆ ಬಾಗಿಲಿಗೆ ಬರುತ್ತಾನೆ. ನಿನ್ನಮ್ಮ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಸೌಟು ಹಿಡಿದು ನಿಂತಿದ್ದಾಳೆ. ಕ್ಯಾಮೆರಾವನ್ನೇ ನೋಡಿ, “ಸಾಕು ನಿಲ್ಸಪ್ಪಾ, ಇದನ್ನೆಲ್ಲ ಯಾರು ನೋಡ್ತಾರೆ? ಮೊದಲು ಊಟ ಮಾಡು ಬಾ,” ಅನ್ನುತ್ತಾಳೆ. ಅದೇ ದನಿ. ಜೋರಾಗಿಯೇ.

ಜಾನ್ವಿಗೆ ಇನ್ನೂ ತೋರಿಸಿಲ್ಲ, ಮೊದಲು ನೀನು ನೋಡಬೇಕು. ಅದನ್ನು ನೋಡಿದ ಸಂತೋಷದಲ್ಲಿ ನನ್ನನ್ನು ಕ್ಷಮಿಸಿಬಿಡಬೇಡ, ಅದು ಬೇರೆ, ಇದು ಬೇರೆ. ನಿಧಾನವಾಗಿ ಯೋಚಿಸಿ ಬೈಯುವುದನ್ನೆಲ್ಲ ಬೈದು ಬರೆ, ನಾನು ಪೂರ್ತಿ ಓದುತ್ತೇನೆ. ನೀಲಗಂಗಾ ಹುಬ್ಬಳ್ಳಿಯಲ್ಲೇ ಇದ್ದಾಳೆ, ಅವಳಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ದೀಪು ಆ ಹನ್ನೊಂದು ನಿಮಿಷವನ್ನು ಪೆನ್ ಡ್ರೈವಿಗೆ ಹಾಕಿಕೊಟ್ಟಿದ್ದಾನೆ. ಈ ಲಕೋಟೆಯ ಮೂಲೆಯಲ್ಲೇ ಹತ್ತಿ ಸುತ್ತಿ ಇಟ್ಟಿದ್ದೇನೆ. ಕಾಗದ ಓದುವ ಆತುರದಲ್ಲಿ ಲಕೋಟೆಯನ್ನು ಕಸದ ಬುಟ್ಟಿಗೆ ಹಾಕಿಬಿಟ್ಟಿದ್ದರೆ, ಈಗಲೇ ಎದ್ದು ಹೋಗಿ ತೆಗೆದುಕೋ ಮಗಳೇ.